ಶೆಡ್ಡಿನಲ್ಲಿ ಉಳಿದ ಕೆಂಪು ಸ್ಪ್ರಿಂಗು

ಅಕ್ಟೋಬರ್ 4, ಸಂಜೆ

ಶಾಲೆಯ ಅಡುಗೆಮನೆ ಕೆಲಸ ಮುಗಿಸಿ ಬಂದು ಮತ್ತೆ ಕಾರಿನಡಿಗೆ. ಹೊಸ ಬ್ರೇಕ್ ಪ್ಯಾಡ್ ಕೂತಿತು. ಉಗುರಲ್ಲೆಲ್ಲ ಮಸಿ... ನಾಳೆ ಮಿಸೋ ಸಾರಿಗೆ ಕೈ ಹಾಕುವ ಮುಂಚೆ ಉಜ್ಜಿ ತೊಳೆಯಬೇಕು.

ಅಣ್ಣ ಮಸಾಮಿಚಿ ಬಂದಿದ್ದ, ಹೊಸ ಸೆಡಾನಿನಲ್ಲಿ. ದೊಡ್ಡ ಇಂಜಿನ್, ದೊಡ್ಡ ಬ್ರೇಕ್, ಎಲ್ಲ ಫ್ಯಾಕ್ಟರಿಯದ್ದೇ. ನನ್ನದು ಅದೇ ಮಾಡೆಲಿನ ತೀರಾ ಅಗ್ಗದ್ದು, ಟ್ಯಾಕ್ಸಿಯವರು ಕೊಳ್ಳುವಂಥದ್ದು.

"ಇನ್ನೂ ಎಷ್ಟು ತೇಪೆ ಹಾಕ್ತೀಯೇ ಚಿಗುಸಾ? ಮಾರಿ, ಇಂಥದ್ದೊಂದು ತಗೋ."

"ನಿಂದನ್ನ ಯಾರೋ ಮಾಡ್ಕೊಟ್ರು. ನಂದನ್ನ ನಾನೇ ಮಾಡಿದ್ದು."

"ಹಂಗಾದ್ರೆ ರೇಸ್ ಟ್ರ್ಯಾಕ್ ಮೇಲೆ ನನ್ ಜೊತೆ ಓಡ್ಸಿ ತೋರ್ಸು. ಸೋತ್ರೆ ಮಾರ್ಬೇಕು."

"ಗೆದ್ರೆ?"

"ಇನ್ನು ಅದರ ಸುದ್ದಿ ಎತ್ತಲ್ಲ."

ಹೂಂ ಅಂದುಬಿಟ್ಟೆ. ಈ ಕಾರ್ ಹೋದರೆ ನಾನು ಮಾಡಿದ್ದು ಅನ್ನೋಕೆ ಏನೂ ಉಳಿಯಲ್ಲ. ಕೊಡಲ್ಲ. ಸೋಲಲ್ಲ.

ಅಕ್ಟೋಬರ್ 16

ರಜೆ ಹಾಕಿ ಸರ್ಕಾರಿ ತಪಾಸಣೆ ಮುಗಿಸಿದೆ. ಕಾರು ನೆಲಕ್ಕೆ ತೀರಾ ತಗ್ಗಿದ್ದರೆ ಪಾಸ್ ಮಾಡಲ್ಲ. ಅದಕ್ಕೇ ಇಲ್ಲಿ ಎಲ್ಲರೂ ಮಾಡುವ ಕೆಲಸ ನಾನೂ ಮಾಡಿದೆ — ಹಿಂದಿನ ದಿನ ಕಾರನ್ನು ತಗ್ಗಿಸುವ ನನ್ನ ಗಿಡ್ಡ, ಗಟ್ಟಿ ಸ್ಪ್ರಿಂಗ್ ಬಿಚ್ಚಿ, ಕಂಪನಿಯ ಹಳೇ ಸ್ಪ್ರಿಂಗ್ ಹಾಕಿದೆ. ಪಾಸಾಯಿತು.

ನನ್ನವು ಶೆಡ್ಡಿನಲ್ಲಿವೆ. ಗುಜರಿಯಿಂದ ತಂದು, ತುಕ್ಕು ಕೆರೆದು, ನಾನೇ ಕೆಂಪು ಬಣ್ಣ ಬಳಿದವು. ಇಡೀ ಕಾರಿನಲ್ಲಿ ನನಗೆ ಅವುಗಳದ್ದೇ ಹೆಮ್ಮೆ. ನಾಳೆ ಹಾಕಬೇಕು. ನಾಡಿದ್ದು ಟ್ರ್ಯಾಕ್.

ಅಕ್ಟೋಬರ್ 17

ಬೆಳಗಿಂದ ಜಡಿಮಳೆ. ತೆರೆದ ಅಂಗಳ, ಕೆಸರು. ಜ್ಯಾಕ್ ಎರಡು ಸಲ ಜಾರಿತು. ಕಾರಿನಡಿಗೆ ಹೋಗಲು ಧೈರ್ಯ ಬರಲಿಲ್ಲ. ಕಂಪನಿಯ ಆ ಟ್ಯಾಕ್ಸಿ ಸ್ಪ್ರಿಂಗಿನಲ್ಲೇ ಹೋಗಬೇಕು. ಅಳು ಬಂತು. ಹೋಗೇ ಹೋಗ್ತೀನಿ.

ಅಕ್ಟೋಬರ್ 18

ಗೆದ್ದೆ!

ಮಳೆ ನಿಂತಿರಲಿಲ್ಲ. ಅಣ್ಣ ಆಕ್ಸಿಲರೇಟರ್ ಒತ್ತಿದಾಗೆಲ್ಲ ಹಿಂದಿನ ಚಕ್ರ ಸುಮ್ಮನೆ ಗಿರಗಿರ. ನನ್ನದು ಮೆತ್ತಗೆ ತೂಗಾಡುತ್ತಾ, ಪ್ರತಿ ತಿರುವಿನಲ್ಲೂ ನೆಲ ಕಚ್ಚಿ ಹಿಡಿಯಿತು. ಹೀಗೆ ಯಾವತ್ತೂ ಓಡಿರಲಿಲ್ಲ.

ಅಣ್ಣ ನೆನೆದುಕೊಂಡೇ ಬಂದ. "ಏನ್ ಹಾಕಿದೀಯೇ ಅದಕ್ಕೆ?"

"ಹಾಕಿಲ್ಲ. ತೆಗ್ದಿದೀನಿ."

ಬಗ್ಗಿ ನೋಡಿದ. ಟ್ಯಾಕ್ಸಿ ಸ್ಪ್ರಿಂಗ್ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ.

ನಾನೂ ನಕ್ಕೆ. ಆಮೇಲೆ ಕಾರಲ್ಲಿ ಒಬ್ಬಳೇ ಕೂತು ಉಪ್ಪಿನ ಪ್ಲಮ್ ಇಟ್ಟ ಅನ್ನದುಂಡೆ ಅರ್ಧ ತಿಂದು ಬದಿಗಿಟ್ಟೆ. ಕಾರ್ ಉಳಿಯಿತು. ಆದರೆ ನಾನು ಅತಿ ಹೆಚ್ಚು ಮೆರೆಸಿದ ಆ ಕೆಂಪು ಸ್ಪ್ರಿಂಗೇ ಅದನ್ನು ಹಿಂದಕ್ಕೆ ಎಳೀತಿತ್ತಾ?

ಅಕ್ಟೋಬರ್ 25, ಮಧ್ಯಾಹ್ನ

ಬಿಸಿಲು. ಒಣ ಟ್ರ್ಯಾಕಿನಲ್ಲಿ ಎರಡೂ ಸ್ಪ್ರಿಂಗ್ ಹಾಕಿ ನೋಡಲೇಬೇಕು. ಕೆಂಪಿನವು ನಿಧಾನ ಅಂತಾದರೆ ಗುಜರಿಗೆ. ಅಷ್ಟೇ.

ಇವತ್ತು ಬಂದ ಅಣ್ಣ ಮಾತಿಗೆ ತಪ್ಪಿಲ್ಲ. ಮಾರು ಅನ್ನಲಿಲ್ಲ. ಅಂಗಳದಲ್ಲಿ ಸುಮ್ಮನೆ ಸುತ್ತಾಡಿದ. ಆಮೇಲೆ, ಬೇರೆಲ್ಲೋ ನೋಡುತ್ತಾ — "ಒಂದು ಚಕ್ರ ನಾನು ಬಿಚ್ಲಾ? ನನ್ ಕಾರಲ್ಲಿ ಮುಟ್ಟೋಕೆ ಏನೂ ಇಲ್ಲ ಕಣೇ."

ಸ್ಪ್ಯಾನರ್ ಕೊಟ್ಟು ಬಂದು ಇದನ್ನು ಬರೀತಿದ್ದೇನೆ. ಕಿಟಕಿಯಿಂದ ಕಾಣ್ತಾನೆ. ತೋಳು ಮಡಿಸಿದ್ದಾನೆ, ಮುಖ ಕೆಂಪಾಗಿದೆ, ಜೋರಾಗಿ ತಿರುಗಿಸ್ತಿದ್ದಾನೆ... ಬಲಕ್ಕೆ! ಬಿಗಿ ಮಾಡ್ತಿದ್ದಾನೆ! ಅಯ್ಯೋ, ಬೋಲ್ಟ್ ಮುರಿಯೋದರೊಳಗೆ ಹೋಗಿ —