ನಲವತ್ತು ಸೆಂಟಿನ ಶ್ರೀಮಂತಿಕೆ

ಮಾನ್ಯ ಕುಟುಂಬ ನೆರವು ಅಧಿಕಾರಿಗಳೇ,

ನಾನು ಶ್ರೀಮಂತಳಾಗಿದ್ದೇನೆಂದು ತಮ್ಮ ಕಚೇರಿಯಿಂದ ಪತ್ರ ಬಂದಿದೆ. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರಲು ಆಗದೆ ಊರಿನ ವಾರಪತ್ರಿಕೆಯಲ್ಲೇ ಉತ್ತರ ಬರೆಯುತ್ತಿದ್ದೇನೆ. ನನ್ನ ಸಂಬಳ ಗಂಟೆಗೆ ನಲವತ್ತು ಸೆಂಟು ಏರಿದ್ದರಿಂದ, ಮೂರು ವರ್ಷದ ಮಗಳು ಐಲಿಯ ಶಿಶುವಿಹಾರಕ್ಕೆ ತಾವು ಕೊಡುತ್ತಿದ್ದ ನೆರವು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬಂದ್. ಬಂದದ್ದು ತಿಂಗಳಿಗೆ ಎಪ್ಪತ್ತು ಡಾಲರಿಗೂ ಕಡಿಮೆ, ಹೋದದ್ದು ಏಳುನೂರು. ಪತ್ರದ ಮೊದಲ ಪದ 'ಅಭಿನಂದನೆಗಳು'. ಓದಿ ನಾನು ನಕ್ಕ ನಗುವಿಗೆ ಪಕ್ಕದ ಮನೆಯವರು ಲಾಟರಿ ಹೊಡೆಯಿತೇ ಎಂದು ವಿಚಾರಿಸಿಕೊಂಡು ಹೋದರು.

ತಮ್ಮ ಕಚೇರಿಯ ಮೂರನೇ ಕಿಟಕಿಯಲ್ಲಿ ಪ್ರತಿ ಜನವರಿ ಒಂದು ಪಟ್ಟಿ ಹಂಚುತ್ತಾರೆ. ಒಬ್ಬ ತಾಯಿ, ಒಂದು ಮಗು ಈ ಜಿಲ್ಲೆಯಲ್ಲಿ ಬರೀ ಜೀವ ಹಿಡಿದುಕೊಂಡಿರಲು ಎಷ್ಟು ಆದಾಯ ಬೇಕು ಎಂಬ ಪಟ್ಟಿ. ಬಾಡಿಗೆ, ಊಟ, ಕಾರಿನ ಪೆಟ್ರೋಲು, ಹಿಮದ ಬೂಟು ಎಲ್ಲ ಇದೆ. ಹುಟ್ಟುಹಬ್ಬದ ಕೇಕಿಗೆ ಮಾತ್ರ ಜಾಗವಿಲ್ಲ, ಇರಲಿ. ಆ ಪಟ್ಟಿಯ ಪ್ರಕಾರ ಏರಿದ ಸಂಬಳದಲ್ಲೂ ನಾನು ಬದುಕುವುದು ಅಸಾಧ್ಯ. ನಾಲ್ಕನೇ ಕಿಟಕಿಯಲ್ಲಿ ನೆರವು ನಿಲ್ಲಿಸುತ್ತಾರೆ. ಅಲ್ಲಿ ನಾನು ಕುಬೇರನ ಮೊಮ್ಮಗಳು. ಎರಡು ಕಿಟಕಿಗಳ ನಡುವೆ ಇರುವುದು ಎರಡೂವರೆ ಹೆಜ್ಜೆ ಮತ್ತು ಪ್ಲಾಸ್ಟಿಕ್ ಹೂವಿನ ಒಂದು ಕುಂಡ. ಎರಡೂ ಕಡೆ ಕೂತವರು ಮಧ್ಯಾಹ್ನ ಒಂದೇ ಮೇಜಿನಲ್ಲಿ ಉಣ್ಣುತ್ತಾರಲ್ಲ, ಆಗ ಏನು ಮಾತಾಡಿಕೊಳ್ಳುತ್ತಾರೆ?

ಸಂಬಳದ ಏರಿಕೆ ಯಾಕೆ ಒಪ್ಪಿಕೊಂಡೆ ಎಂದು ತಾವು ಕೇಳಬಹುದು. ತಪ್ಪು ನನ್ನದಲ್ಲ, ನಮ್ಮನ್ನು ಬೆಳೆಸಿದ ಅಮ್ಮಂದಿರದು. ಮಿನಸೋಟದ ಈ ಉತ್ತರದ ಕಡೆ ಯಾರಾದರೂ ಕಾಫಿ ಕೊಡುತ್ತೇನೆಂದರೆ ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲಕ್ಕೆ "ಅರ್ಧ ಲೋಟ ಸಾಕು" ಅನ್ನಬೇಕು. ಆಗಲೂ ಬೇಡವೆಂದರೆ ಕೊಟ್ಟವರಿಗೆ ಅವಮಾನ. ನಾನು ಹಿರಿಯರ ಆಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಅಲ್ಲಿನ ಮೇಲ್ವಿಚಾರಕ ಆರ್ಲನ್ ಟಿಕ್ಕನೆನ್ ಕೂಡ ಇಂಥದೇ ಅಮ್ಮನ ಮಗ. ಒಂದು ದಿನ ಪಾತ್ರೆ ತೊಳೆಯುವ ಯಂತ್ರದ ಹತ್ತಿರ ಕರೆದರು.

"ವರ್ನಾ, ಗಂಟೆಗೆ ಇಪ್ಪತ್ತು ಸೆಂಟು ಜಾಸ್ತಿ ಮಾಡ್ತಾ ಇದೀನಿ."

"ಬೇಡ ಸರ್, ಈಗ ಬರ್ತಿರೋದೇ ಸಾಕು."

ಎಷ್ಟು ಆದಾಯ ದಾಟಿದರೆ ನೆರವು ನಿಲ್ಲುತ್ತದೆ, ನಾಲ್ಕನೇ ಕಿಟಕಿಯ ಆ ಗೆರೆ ಎಲ್ಲಿದೆ ಎಂದು ನನಗೆ ಬಾಯಿಪಾಠ. ಅವರಿಗೆ ಕೇಳಿಸಿದ್ದು ಮಾತ್ರ ನನ್ನ ಸಂಸ್ಕಾರ. ಮುಗುಳ್ನಕ್ಕು ಮೂವತ್ತು ಅಂದರು. ನಾನು ಕೈ ಮುಗಿಯುವುದೊಂದು ಬಾಕಿ, ದಯವಿಟ್ಟು ಬೇಡವೆಂದೆ. ಅವರ ಕಣ್ಣು ತುಂಬಿ ಬಂತು.

"ಇಂಥ ಮರ್ಯಾದಸ್ಥ ಹೆಣ್ಮಗಳು ಈಗಿನ ಕಾಲದಲ್ಲಿ ಎಲ್ಲಿ ಸಿಗ್ತಾಳೆ? ನಲವತ್ತು. ಇನ್ನು ಮಾತಾಡ್ಬೇಡ."

ಇದು ಮೂರನೇ ಸಲ. ನಿಜ ಹೇಳಲೆಂದೇ ಬಾಯಿ ತೆರೆದೆ. "ಸರಿ ಸರ್, ನಿಮ್ಮಿಷ್ಟ" ಎಂಬ ಮಾತು ತಾನಾಗಿ ಹೊರಗೆ ಬಂತು.

ಮರುದಿನ ಅವರಿಗೆ ಎಲ್ಲ ಬಿಡಿಸಿ ಹೇಳಿದೆ. ಪಾಪ, ಕಿವಿಯವರೆಗೆ ಕೆಂಪಾಗಿ ಮೇಲಿನವರಿಗೆ ಫೋನ್ ಮಾಡಿದರು. ನೌಕರರು ತಪ್ಪು ಮಾಡದ ಹೊರತು ಸಂಬಳ ಇಳಿಸಲು ನಿಯಮವಿಲ್ಲವಂತೆ. ಜೊತೆಯಲ್ಲಿ ಕೆಲಸ ಮಾಡುವ ಇರ್ಮಾ ಉಪಾಯ ಹೇಳಿಕೊಟ್ಟಳು: "ಅಡುಗೆಗೆ ಒಂದು ಚೂರು ಉಪ್ಪು ಜಾಸ್ತಿ ಬೀಳ್ಲಿ ಬಿಡೇ. ತಾನಾಗಿ ದೂರು ಬರುತ್ತೆ." ಅಂದು ಓವನ್ನಿನಲ್ಲಿ ಬೇಯಿಸುವ ಆಲೂಗಡ್ಡೆ ಹಾಟ್‌ಡಿಶ್‌ಗೆ ಹಾಗೇ ಮಾಡಿದೆ. ವರ್ಷಗಟ್ಟಲೆ ಸಪ್ಪೆ ಊಟ ಮಾಡಿ ನಾಲಿಗೆ ಕೆಟ್ಟಿದ್ದ ಹಿರಿಯರು ತಟ್ಟೆ ಬಳಿದು ತಿಂದು, ಅಡುಗೆಯವಳನ್ನು ಕರೆಸಿ ಚಪ್ಪಾಳೆ ತಟ್ಟಿದರು. ತಿಂಗಳ ಉತ್ತಮ ಉದ್ಯೋಗಿಯೆಂದು ನನ್ನ ಹೆಸರು ಮೇಲಕ್ಕೆ ಹೋಗಿದೆಯಂತೆ. ಅದರ ಜೊತೆಗೂ ಏನಾದರೂ ಏರಿಸಿಬಿಟ್ಟಾರೆಂದು ನಡುಗುತ್ತಿದ್ದೇನೆ.

ಇನ್ನೊಂದು ದಾರಿ ಇದೆ, ನಾಲ್ಕನೇ ಕಿಟಕಿಯವರೇ ದನಿ ತಗ್ಗಿಸಿ ಹೇಳಿದರು. ಕೆಲಸ ಬಿಟ್ಟು ಹೊಸ ಅರ್ಜಿ ಹಾಕಿದರೆ ಊಟ, ಬಾಡಿಗೆ, ಔಷಧಿ ಎಲ್ಲಕ್ಕೂ ಸಹಾಯ ಸಿಗುತ್ತದಂತೆ. ಇಲ್ಲಿ ಮಾತ್ರ ನನಗೆ ನಗು ಬರಲಿಲ್ಲ, ಸ್ವಾಮಿ. ಈ ಕೆಲಸ ನನಗೆ ಬರುತ್ತದೆ, ಇಷ್ಟವೂ ಹೌದು. ಮೂವತ್ತೆಂಟು ಹಿರಿಯರಲ್ಲಿ ಯಾರಿಗೆ ರೊಟ್ಟಿಯ ಅಂಚು ಕತ್ತರಿಸಿ ಕೊಡಬೇಕು, ಯಾರಿಗೆ ಕಾಫಿ ಆರಿಸಿ ಕೊಡಬೇಕು ಎಲ್ಲ ನನಗೆ ಗೊತ್ತು. ದುಡಿಯುವ ಕೈಯನ್ನು ಮನೆಯಲ್ಲಿ ಕೂರಿಸಲು ಸರ್ಕಾರ ಇಷ್ಟು ಖರ್ಚು ಮಾಡಲು ಸಿದ್ಧವಿದ್ದರೆ, ದುಡಿಯಲು ಬಿಡುವುದಕ್ಕೆ ಯಾಕೆ ಜಿಪುಣತನ?

ನನ್ನ ಬೇಡಿಕೆ ಒಂದೇ. ನೆರವು ನಿಲ್ಲಿಸುವ ಗೆರೆಯನ್ನು ಬದುಕಲು ಬೇಕೆಂದು ತಾವೇ ಅಚ್ಚು ಹಾಕಿಸಿದ ಆದಾಯದವರೆಗೆ ಏರಿಸಿ. ಅಲ್ಲಿಯವರೆಗೆ ಐಲಿಯ ಜಾಗ ಕಿತ್ತುಕೊಳ್ಳಬೇಡಿ. ಶಿಶುವಿಹಾರದಲ್ಲಿ ಒಂದು ಮೊಲವಿದೆ. ಅದಕ್ಕೆ ಕ್ಯಾರೆಟ್ ತಿನ್ನಿಸುವ ಐಲಿಯ ಸರದಿ ಬರುವುದು ಮುಂದಿನ ತಿಂಗಳ ಮೂರನೇ ತಾರೀಖು, ಸೋಮವಾರ. ಇನ್ನೆಷ್ಟು ದಿನ ಎಂದು ದಿನಾ ಬೆಳಿಗ್ಗೆ ಕೇಳುತ್ತಾಳೆ. ಬೆರಳು ಮಡಚಿ ನಾನು ಹೇಳುತ್ತಿದ್ದೇನೆ. ಅವಳಿಗೆ ಆ ಸೋಮವಾರ ಇದೆಯೋ ಇಲ್ಲವೋ, ತಾವು ಹೇಳಿ.

ಇಂತಿ,
ತಮ್ಮ ಪಟ್ಟಿಯ ಪ್ರಕಾರ ಬದುಕಿರಲು ಸಾಧ್ಯವೇ ಇಲ್ಲದ, ಆದರೂ ನಾಳೆ ಐದೂವರೆಗೆ ಒಲೆ ಹಚ್ಚಲಿರುವ
ವರ್ನಾ ಕೊಸ್ಕೆಲಾ