ಕೋಟೆಯೊಳಗಿನ ಬಿಳಿ ಕಲ್ಲುಗಳು

ಗ್ಲಾನ್‌ರೋ, ಗಾಲ್ವೇ
ಮೇ ೩, ಶನಿವಾರ

ನನ್ನ ಮುದ್ದು ಆಲ್ವಾ,

ಹೇಗಿದ್ದೀಯೆ ಮಗೂ? ಗಂಟಲು ಹೇಗಿದೆ? ಹೋದ ವಾರ ಜರ್ಮನಿಯಲ್ಲಿ ಹಾಡುವಾಗ ಮೇಲಿನ ಸ್ವರದಲ್ಲಿ ನಿನ್ನ ಧ್ವನಿ ಒಡೆದದ್ದನ್ನು ನಿನ್ನಪ್ಪ ಫೋನಿನಲ್ಲಿ ತೋರಿಸಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನಾನು ಕಟ್ಟಿಕೊಟ್ಟ ಒಣ ಕಡಲಪಾಚಿ ಇನ್ನೂ ಉಳಿದಿದ್ದರೆ ಹಾಲಿಗೆ ಹಾಕಿ ಕುದಿಸಿ, ಸೋಸಿ, ಜೇನು ಬೆರೆಸಿ ಕುಡಿ. ವಾಸನೆ ಎಂದು ಮುಖ ಸಿಂಡರಿಸಬೇಡ. ಚಿಕ್ಕವಳಿದ್ದಾಗ ನಿನ್ನ ಮೂಗು ಹಿಡಿದು ನಾನೇ ಕುಡಿಸುತ್ತಿದ್ದೆ. ನನ್ನ ಮಂಡಿ ಹೇಳಿದ ಮಾತು ಕೇಳುತ್ತಿಲ್ಲ, ಉಳಿದಂತೆ ಗಟ್ಟಿಯಾಗಿದ್ದೇನೆ. ನಿನ್ನಪ್ಪ ಎಂಡಾ ಮೂರು ದಿನದಿಂದ ಹೆಚ್ಚು ಮಾತಾಡುತ್ತಿಲ್ಲ. ಬೆಳಗ್ಗೆ ಎದ್ದು ಕುರಿಗಳ ಬಳಿ ಹೋದವನು ಊಟಕ್ಕೆ ಕರೆದರೂ ತಡಮಾಡಿ ಬರುತ್ತಾನೆ. ಯಾಕೆಂದು ಈ ಕಾಗದ ಓದಿದರೆ ನಿನಗೇ ತಿಳಿಯುತ್ತದೆ.

ಬುಧವಾರ ನಮ್ಮ ನೆರೆಯ ಫೆಸ್ಟಿಯ ಹೊಲದಲ್ಲಿ ನಡೆದದ್ದರ ತುಂಡು ತುಂಡು ವಿಡಿಯೋಗಳು ಎಲ್ಲ ಕಡೆ ಓಡಾಡುತ್ತಿವೆಯಂತೆ. ಒಂದರಲ್ಲಿ ನಾನು ಕೋಲು ಎತ್ತಿದ್ದಷ್ಟೇ ಕಾಣುತ್ತದಂತೆ, ಯಾಕೆ ಎತ್ತಿದೆ ಎಂಬುದಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ. ಹೋದ ನವೆಂಬರಿನಲ್ಲಿ ನಿನ್ನ ಹಾಡಿನ ವಿಡಿಯೋ ಬಂದಾಗ ಎಂಡಾ ಅದನ್ನು ಟಿವಿಯಲ್ಲಿ ದೊಡ್ಡದಾಗಿ ಹಾಕಿದ್ದ. ಫೆಸ್ಟಿಯ ಹೊಲದ ಹಳೇ ದುಂಡುಕೋಟೆ, ಈಗ ಉಳಿದಿರುವ ಅದರ ಸುತ್ತಿನ ಮಣ್ಣಿನ ಏರಿ, ಏರಿಯೊಳಗೆ ಆ ಒಂಟಿ ಮುಳ್ಳುಮರ. ತಲೆಗೆ ಜಿಂಕೆಯ ಕೊಂಬು ಕಟ್ಟಿಕೊಂಡು, ಕೆನ್ನೆಗೆ ನೀಲಿ ಬಳಿದುಕೊಂಡು ಬರಿಗಾಲಿನಲ್ಲಿ ನಿಂತ ನೀನು. ಸುತ್ತ ಹುಲ್ಲಿನ ಮುಖವಾಡದವರ ಕುಣಿತ. ನಮ್ಮ ಕಾಲದಲ್ಲಿ ಅದೇ ಮುಖವಾಡ ಹಾಕಿ ಮದುವೆಮನೆಗೆ ಕರೆಯದೆಯೇ ನುಗ್ಗಿ, ಮದುಮಗಳ ಜೊತೆ ಒಂದು ಸುತ್ತು ಕುಣಿದು, ಕುಡಿದು ಹೋಗುತ್ತಿದ್ದ ಪುಂಡರು ಅವರು. ನಿನ್ನ ವಿಡಿಯೋದಲ್ಲಿ ಮಾತ್ರ ಒಬ್ಬರೂ ನಗಲಿಲ್ಲ. ಆಮೇಲೆ ಬೆಂಕಿ. ಆಮೇಲೆ ಆ ಹೆಸರು. ಮುರ್ನಾ, ಮುರ್ನಾ ಎಂದು ಸಾವಿನ ಮನೆಯ ಅಳುಹಾಡಿನ ಧಾಟಿಯಲ್ಲಿ ನೀನು ಎಳೆದೆಯಲ್ಲ, ನಾನು ಎದ್ದು ಒಲೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತೆ. ನೀನು ಫೋನು ಮಾಡಿ ಹೇಗಿತ್ತು ಅಜ್ಜಿ ಎಂದಾಗ, ಅಷ್ಟು ಚಳಿಯಲ್ಲಿ ಕಾಲಿಗೆ ಏನಾದರೂ ಹಾಕಿಕೊಳ್ಳಬಾರದಿತ್ತೇನೇ ಎಂದೆ. ನೀನು ನಕ್ಕೆ. ನಾನೂ ನಕ್ಕೆ.

ಮುರ್ನಾ ಎಂದರೆ ಶಿಲುಬೆ ಬರುವುದಕ್ಕೂ ಹಿಂದಿನ ಕಡಲದೇವತೆ ಎಂದು ಡಬ್ಲಿನ್ನಿನ ಪತ್ರಿಕೆಯೊಂದು ಬರೆಯಿತು. ರೊಟ್ಟಿಯ ಹಿಟ್ಟು ನಾದುತ್ತ ನಮ್ಮಜ್ಜಿ ಈ ಹೆಸರನ್ನು ಗುನುಗುತ್ತಿದ್ದಳು, ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಹಳೆಯ ದೇವತೆಗಳು ಇನ್ನೂ ಬದುಕಿದ್ದಾರೆ ಎಂದು ಅದೇ ಪತ್ರಿಕೆಗೆ ನೀನೂ ಹೇಳಿದೆ. ನಾನು ಗುನುಗುತ್ತಿದ್ದದ್ದು ನಿಜ. ನಿನಗೆ ಕೇಳಿಸುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ನಿನ್ನ ವಿಡಿಯೋ ನೋಡಿದ ಜನ ಕೋಟೆಗೆ ಬರತೊಡಗಿದರು. ಮೊದಲು ಇಬ್ಬರು ಮೂವರು, ಆಮೇಲೆ ವಾರದ ಕೊನೆಯಲ್ಲಿ ರಸ್ತೆಯುದ್ದಕ್ಕೂ ಕಾರುಗಳು. ಒಳ್ಳೆಯ ಮಕ್ಕಳೇ ಮಗೂ, ದಾರಿ ಕೇಳುವಾಗ ಥ್ಯಾಂಕ್ಸ್ ಹೇಳುತ್ತಿದ್ದರು. ಮುಳ್ಳುಮರಕ್ಕೆ ಬಣ್ಣದ ಟೇಪು ಕಟ್ಟಿದರು. ಫೆಸ್ಟಿಯ ಕರುವೊಂದು ಆ ಟೇಪು ತಿಂದು ಹೊಟ್ಟೆಯುಬ್ಬರಿಸಿ ಸತ್ತಿತು. ಅವನು ಗೇಟಿಗೆ ಬೀಗ ಹಾಕಿದ, ಅವರು ಗೋಡೆ ಹತ್ತಿ ಇಳಿದರು. ಗೋಡೆಯ ಕಲ್ಲು ಉರುಳಿತು. ಇದಿಷ್ಟೇ ಆಗಿದ್ದರೆ ಫೆಸ್ಟಿ ಬೈದು ಸುಮ್ಮನಾಗುತ್ತಿದ್ದನೇನೋ. ಆದರೆ ಅವರು ಕೋಟೆಯ ಹುಲ್ಲಿನಲ್ಲಿ ಅರ್ಧ ಹೂತುಕೊಂಡಿದ್ದ ಸಣ್ಣ ಬಿಳಿ ಕಲ್ಲುಗಳನ್ನು ಕಿತ್ತು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಹೋಗತೊಡಗಿದರು. ಅದನ್ನು ಕಂಡ ದಿನ ಫೆಸ್ಟಿ ನಮ್ಮ ಅಡುಗೆಮನೆಗೆ ಬಂದು ಟೋಪಿಯನ್ನೂ ತೆಗೆಯದೆ ನಿಂತ. "ಡೆಲಿಯಾ, ನಿನ್ನ ಮೊಮ್ಮಗಳಿಗೆ ಹೇಳ್ತೀಯೋ, ನಾನೇ ಡಿಗ್ಗರ್ ತಂದು ಆ ಜಾಗಾನೇ ನೆಲಸಮ ಮಾಡ್ಲೋ?" ಎಂದ. ಎಂಡಾ, "ಹಳೇ ಕೋಟೆ ಮುಟ್ಟಿದ್ರೆ ಜೈಲಿಗೆ ಹಾಕ್ತಾರೆ ಮಾರಾಯ" ಎಂದ. "ಹಾಕ್ಲಿ. ಅಲ್ಲಿ ಯಾರೋ ಬೇಯಿಸಿ ಹಾಕ್ತಾರೆ. ನಾನು ನಾನೇ ಬೇಯಿಸಿದ್ದು ತಿಂದು ತಿಂದು ಸಾಕಾಗಿದೆ." ಎಂಡಾ ನಕ್ಕ. ಫೆಸ್ಟಿ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಅವನು ಹೇಳದೆ ಬಿಟ್ಟದ್ದು ನನಗೆ ಅರ್ಥವಾಯಿತು, ನಾನು ಹೇಳದೆ ಬಿಟ್ಟದ್ದು ಅವನಿಗೂ. ಎಂಡಾನಿಗೆ ಏನೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೇ ತಿಂಗಳ ಮುನ್ನಾದಿನ ಕೋಟೆಯಲ್ಲಿ ಬೆಂಕಿ ಹಾಕಬೇಕು, ವಿಡಿಯೋದಲ್ಲಿದ್ದಂತೆಯೇ ಮುರ್ನಾಳನ್ನು ಕರೆಯಬೇಕು ಎಂದು ಅವರೊಳಗೇ ಸುದ್ದಿ ಹಬ್ಬಿತು. ಬುಧವಾರ ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಇನ್ನೂರು ಜನರಾದರೂ ಸೇರಿದ್ದರು. ರಟ್ಟಿನ ಕೊಂಬು, ನೀಲಿ ಮುಖ, ಸೌದೆಯ ಹೊರೆ. ಪಟ್ಟಣದಿಂದ ಬಂದಿದ್ದ ಇಬ್ಬರೇ ಪೊಲೀಸರು ರಸ್ತೆಯ ಕಾರುಗಳನ್ನು ಸರಿಸುವುದರಲ್ಲೇ ಇದ್ದರು. ಫೆಸ್ಟಿ ಟ್ರ್ಯಾಕ್ಟರಿಗೆ ಸಗಣಿಗಂಜಿಯ ಟ್ಯಾಂಕು ಕಟ್ಟಿಕೊಂಡು ಕೋಟೆಯ ಬಾಯಿಗೆ ಹಿಂದುಮುಂದಾಗಿ ನಿಲ್ಲಿಸಿದ್ದ. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಕೂಡಿಬಿದ್ದದ್ದು, ಟ್ಯಾಂಕಿನ ತುಂಬ. ಎಂಡಾ ಮನೆಗೆ ಓಡಿಬಂದು, "ಅಮ್ಮಾ, ಅವನು ನಲ್ಲಿ ತಿರುಗಿಸಿಬಿಟ್ರೆ ಮಕ್ಕಳೆಲ್ಲ ಬೀಳ್ತಾರೆ, ಯಾರಾದ್ರೂ ಚಕ್ರಕ್ಕೆ ಸಿಕ್ಕಿಬಿಟ್ರೆ? ನಿನ್ನ ಮಾತಾದ್ರೆ ಕೇಳ್ತಾನೆ, ಬಾ" ಎಂದ. ಕೋಟು ಹಾಕಿಕೊಂಡು ಹೊರಟೆ. ಮಂಡಿ ಎಲ್ಲಿತ್ತೋ ಆ ಹೊತ್ತಿನಲ್ಲಿ ನನಗೆ ನೆನಪೇ ಆಗಲಿಲ್ಲ.

ದೂರದಿಂದಲೇ ಕೇಳಿಸಿತು. ಮುರ್ನಾ, ಮುರ್ನಾ. ಇನ್ನೂರು ಬಾಯಿ. ಟ್ರ್ಯಾಕ್ಟರಿನ ಗುರುಗುರು ಅದರಡಿಯಲ್ಲಿ. ಎಂಡಾ ನನ್ನ ತೋಳು ಹಿಡಿದುಕೊಂಡ. ಫೆಸ್ಟಿ ಸೀಟಿನ ಮೇಲೆ ತಿರುಗಿ ಕೂತು ಟ್ಯಾಂಕಿನ ನಲ್ಲಿ ತೆರೆಯುವ ಸನ್ನೆಗೋಲಿನ ಮೇಲೆ ಕೈಯಿಟ್ಟಿದ್ದ. ಒಬ್ಬ ಹುಡುಗ ಟ್ಯಾಂಕಿನ ಎದುರೇ ಫೋನು ಹಿಡಿದು, "ಹಾಕು ತಾತಾ, ಹಾಕು, ಇಡೀ ಜಗತ್ತು ನೋಡ್ತಾ ಇದೆ" ಎಂದು ಕೆಣಕುತ್ತಿದ್ದ. ಫೆಸ್ಟಿಯ ದವಡೆ ಅಲುಗುವುದು ನನಗೆ ಕಾಣುತ್ತಿತ್ತು. ಆಗ ಕೋಲು ಎತ್ತಿದೆ. ಹುಡುಗನಿಗಲ್ಲ, ಫೆಸ್ಟಿಗೆ. "ಫೆಸ್ಟಿ, ಅದನ್ನ ಬಿಟ್ರೆ ಯಾರ ಮೇಲೆ ಹರಿಯುತ್ತೆ ಅಂತ ನೋಡು. ನೆಲ ನೋಡು" ಎಂದೆ. ಅವನ ಕೈ ನಿಂತಿತು. ತೆಗೆಯಲಿಲ್ಲ, ನಿಂತಿತು ಅಷ್ಟೇ.

ಒಳಗೆ ಬೆಂಕಿಯ ಸುತ್ತ ಇಡಲೆಂದು ಬಿಳಿ ಕಲ್ಲುಗಳನ್ನೆಲ್ಲ ಕಿತ್ತು ರಾಶಿ ಹಾಕಿದ್ದರು. ಕೊಂಬು ಕಟ್ಟಿಕೊಂಡಿದ್ದ ಒಬ್ಬ ಹುಡುಗಿ, ನಿನಗಿಂತ ಚಿಕ್ಕವಳು, ಒಂದು ಕಲ್ಲನ್ನು ಎದೆಗೊತ್ತಿಕೊಂಡಿದ್ದಳು. ನನ್ನ ವಯಸ್ಸು ನೋಡಿ ಗೌರವದಿಂದ ಮುಂದೆ ಚಾಚಿ, "ದೇವತೆಯ ಕಲ್ಲು ಅಜ್ಜಿ, ಮುಟ್ಟಿ ನೋಡಿ, ಬೆಚ್ಚಗಿದೆ" ಎಂದಳು. "ಬೆಚ್ಚಗಿರೋದು ನಿನ್ನ ಕೈ ಮಗೂ" ಎಂದೆ. "ಅದು ದೇವತೆಯದಲ್ಲ, ಒಂದು ಕೂಸಿನದು. ಆ ರಾಶಿಯಲ್ಲಿರೋದೆಲ್ಲ ಕೂಸುಗಳದು." ಅವಳಿಗೆ ಅರ್ಥವಾಗಲಿಲ್ಲ. ಹಿಂದಿದ್ದವರು ಇನ್ನೂ ಕೂಗುತ್ತಲೇ ಇದ್ದರು. ನಾನು ಧ್ವನಿ ಎತ್ತಿದೆ. ಅಷ್ಟು ಗಟ್ಟಿಯಾಗಿ ಕೂಗಿ ಎಷ್ಟು ಕಾಲವಾಗಿತ್ತೋ. "ಮುರ್ನಾ ನನ್ನ ಮಗಳು! ಇಲ್ಲೇ ಮಣ್ಣಾಗಿದ್ದಾಳೆ, ನೀವು ನಿಂತಿರೋ ಕಡೆ!"

ಆಲ್ವಾ, ನಿನ್ನ ಅಪ್ಪ ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಅವಳು ಬಂದಳು. ಉಸಿರು ಎಳೆದುಕೊಳ್ಳಲೇ ಇಲ್ಲ. ಜ್ಞಾನಸ್ನಾನವಾಗದ ಕೂಸಿಗೆ ಚರ್ಚಿನ ನೆಲದಲ್ಲಿ ಜಾಗವಿಲ್ಲ ಎಂದು ಆಗಿದ್ದ ಪಾದ್ರಿ ಹೇಳಿದರು. ಅದು ಆಗಿನ ನಿಯಮ, ಎದುರು ಮಾತಿರಲಿಲ್ಲ. ನಿನ್ನ ತಾತ ಕೋಲ್ಮನ್ ಅವಳನ್ನು ಬೆಣ್ಣೆಯ ಪೆಟ್ಟಿಗೆಯಲ್ಲಿಟ್ಟು ಕೋಟಿನೊಳಗೆ ಮುಚ್ಚಿಕೊಂಡು ಕೋಟೆಗೆ ಹೋದ. ಎಲ್ಲರ ಮನೆಯ ಗಂಡಸರೂ ಹಾಗೆಯೇ ಹೋಗುತ್ತಿದ್ದರು. ಬೇರೆ ದಿನ ಆ ಕಡೆಯ ಹುಲ್ಲನ್ನೂ ಮುಟ್ಟಲು ಹೆದರುತ್ತಿದ್ದವರು, ಆ ಏರಿಯೊಳಗಿನ ಕಿನ್ನರರ ಹೆಸರನ್ನೂ ಬಾಯಿಗೆ ತರದೆ 'ಒಳ್ಳೆಯವರು' ಎಂದಷ್ಟೇ ಅನ್ನುತ್ತಿದ್ದವರು, ಕೂಸುಗಳನ್ನು ಅವರ ಮಡಿಲಿಗೇ ಹಾಕಿ ಬರುತ್ತಿದ್ದರು. ಕ್ರಿಸ್ತನ ನೆಲದಲ್ಲಿ ಜಾಗ ಸಿಗದ ಮಕ್ಕಳಿಗೆ ಆ ಹಳೆಯ ನೆಲದಲ್ಲಿ ಸಿಕ್ಕಿತು. ಹೆಂಗಸರು ಹೋಗುವಂತಿರಲಿಲ್ಲ. ಕಡಲದಂಡೆಯಿಂದ ಒಂದು ಬಿಳಿ ಕಲ್ಲು ಆರಿಸಿ ಇಟ್ಟು ಬಂದೆ ಎಂದು ಕೋಲ್ಮನ್ ಒಂದೇ ಸಲ ಹೇಳಿದ, ಮತ್ತೆ ಅವನು ಸಾಯುವ ತನಕ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಹೆಸರಿಟ್ಟವಳು ನಾನು, ಮನಸ್ಸಿನಲ್ಲೇ. ದೇವತೆಯಲ್ಲ ಮಗೂ, ನಿನ್ನ ಸೋದರತ್ತೆ ಅವಳು.

ಕೂಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಆರುತ್ತ ಹೋಯಿತು. ಫೋನಿನ ಹುಡುಗ ಮಾತ್ರ, "ಜಾಗ ಮುಚ್ಚಿಸೋಕೆ ಇದೊಂದು ನಾಟಕ" ಎಂದ. ಆಗ ಟ್ರ್ಯಾಕ್ಟರು ನಿಂತ ಸದ್ದಾಯಿತು. ಫೆಸ್ಟಿ ಇಳಿದು ಬಂದ. ಹೊಡೆದೇಬಿಡುತ್ತಾನೆ ಎಂದುಕೊಂಡು ಎಂಡಾ ಅಡ್ಡ ಹೋದ. ಫೆಸ್ಟಿ ಅವನನ್ನು ಸರಿಸಿ, ಹುಡುಗನ ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಹೇಳಿದ. "ನಮ್ಮನೇವು ಎರಡಿವೆ ಅಲ್ಲಿ. ನಮ್ಮಮ್ಮ ಸಾಯೋ ತನಕ ಬಾಯಿ ಬಿಡ್ಲಿಲ್ಲ. ಅಟ್ಟದ ಮೇಲಿಂದ ನಾನು ಕದ್ದು ಕೇಳಿಸ್ಕೊಂಡಿದ್ದು. ಈಗ ಹೇಳು, ನಾಟಕಾನಾ?" ಹುಡುಗ ಫೋನು ಇಳಿಸಿದ. ಕೊಂಬಿನ ಹುಡುಗಿ ಕೊಂಬನ್ನು ಬಿಚ್ಚಿ ನೆಲಕ್ಕಿಟ್ಟು ಅಳತೊಡಗಿದಳು. "ನಾವೇನು ಮಾಡ್ಬೇಕು ಅಜ್ಜಿ?" "ಎಲ್ಲಿಂದ ಕಿತ್ರೋ ಅಲ್ಲೇ ಇಡಿ" ಎಂದೆ. ಕಲ್ಲು ಎದ್ದ ಕಡೆ ಹುಲ್ಲು ಬಿಳಿಚಿಕೊಂಡು ಗುರುತು ಉಳಿದಿತ್ತು. ಮೊಣಕಾಲೂರಿ ಒಂದೊಂದೇ ಕಲ್ಲನ್ನು ಅಳತೆ ನೋಡಿ ಕೂರಿಸುತ್ತ ಹೋದರು. ಸೌದೆಯನ್ನು ಅವರೇ ಹೊತ್ತು ಹೊರಗೆ ಹಾಕಿದರು. ಕೆಲವು ಗುರುತು ಖಾಲಿಯೇ ಉಳಿದವು. ಅವುಗಳ ಕಲ್ಲು ಯಾವ ದೇಶದ ಯಾರ ಕಪಾಟಿನಲ್ಲಿದೆಯೋ. ನಮ್ಮದು ಯಾವುದೆಂದು ನನಗೆ ಗೊತ್ತಿಲ್ಲವಾದ್ದರಿಂದ ಎಲ್ಲವನ್ನೂ ಮುಟ್ಟಿ ಬಂದೆ. ನಿನ್ನಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ಮನೆಗೆ ಬರುವಾಗ ದಾರಿಯಲ್ಲಿ ಒಂದೇ ಮಾತು ಕೇಳಿದ, "ಅವಳ ಕೂದಲು ಯಾವ ಬಣ್ಣ ಇತ್ತಮ್ಮಾ?" ಕೆಂಪು ಎಂದೆ. ನಿನ್ನ ಹಾಗೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಆಲ್ವಾ. ಹಾಡನ್ನು ವಾಪಸು ತೆಗೆದುಕೊಳ್ಳಬೇಡ. ಅರವತ್ತು ವರ್ಷ ನನ್ನೊಬ್ಬಳ ಬಾಯಲ್ಲಿದ್ದ ಹೆಸರನ್ನು ಅಷ್ಟು ಜನ ಕರೆದದ್ದು ಕೇಳಿದಾಗ ನನಗೆ ಏನಾಯಿತೆಂದು ಬರೆಯಲು ಬರುತ್ತಿಲ್ಲ. ಈಗಿನ ಪಾದ್ರಿ ಬಂದು ಜಾಗವನ್ನು ಆಶೀರ್ವದಿಸುತ್ತೇನೆ ಎಂದಿದ್ದಾರೆ. ಒಳ್ಳೆಯವರು, ಚಿಕ್ಕ ಪ್ರಾಯ. ಫೆಸ್ಟಿ, "ಬರ್ಲಿ, ಆದ್ರೆ ಒಳಗಿರೋರನ್ನ ಕೇಳ್ಕೊಂಡು ಬರ್ಲಿ" ಎಂದ. ನಾನಿನ್ನೂ ಹೂಂ ಎಂದಿಲ್ಲ. ನೀನು ಬಂದ ಮೇಲೆ ನೋಡೋಣ. ಬಂದಾಗ ಮೊದಲು ಅಪ್ಪನ ಜೊತೆ ಕುರಿಗಳ ಕಡೆ ಒಂದು ಸುತ್ತು ಹೋಗು. ಅವನು ಮಾತಾಡದಿದ್ದರೂ ಜೊತೆಗಿರು.

ನೀನು ಕಾಲಿಟ್ಟ ನೆಲ ನಿನ್ನನ್ನು ಎಡವಿಸದಿರಲಿ, ಉಂಡದ್ದು ಮೈಗೆ ಹತ್ತಲಿ, ಗಂಟಲು ತಂಪಾಗಿರಲಿ.

ನಿನ್ನ ಅಜ್ಜಿ,
ಡೆಲಿಯಾ

ಮರೆತೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಈಗ ಅಂಚೆಯವಳು ಬಾಗಿಲಲ್ಲೇ ಕಾಯುತ್ತಿದ್ದಾಳೆ. ನಿನ್ನ ವಿಡಿಯೋ ಮಾಡಿದ ಆ ಉದ್ದಗೂದಲಿನವನು ನಿನ್ನೆ ಹೂವು ಹಿಡಿದು ಬಂದಿದ್ದ. ಮತ್ತೊಂದು ಚಿತ್ರ ಮಾಡುತ್ತಾನಂತೆ, ನಾನು ಕಲ್ಲುಗಳ ನಡುವೆ ಕೂತು ಅಳುಹಾಡು ಹೇಳಬೇಕಂತೆ. ಆಗುವುದಿಲ್ಲ ಎಂದೆ. ಹೋಗುವಾಗ ಅಂದ, "ಕೂಸುಗಳ ವಿಷಯ ಆಲ್ವಾಗೆ ಮೊದಲೇ ಗೊತ್ತಿತ್ತು ಅಜ್ಜಿ, ಅದಕ್ಕೇ ಅವಳು ಆ ಜಾಗಾನೇ ಬೇಕು ಅಂತ ಹಟ ಹಿಡಿದಿದ್ದು." ಸುಳ್ಳು ಹೇಳಬೇಡ ಎಂದು ಅವನ ಮುಖದ ಮೇಲೆ ಬಾಗಿಲು ಹಾಕಿದೆ. ಎಂಡಾನಿಗೆ ಹೇಳಿಲ್ಲ. ಸುಳ್ಳು ತಾನೇ ಮಗೂ? ಫೋನು ಮಾಡಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನೀನು ಏನು ಹೇಳಿದರೂ ನಾನು ನಂಬಿಬಿಡುತ್ತೇನೆ. ನಿನ್ನ ಕೈಯಲ್ಲೇ ಬರೆದು ಕಳಿಸು.