ಕತೆಯಲ್ಲಿ ಒಂದು ಕಲ್ಲು

ಬೆಟಗೇರಿ
ಗಾಳಿ ತಿಂಗಳ ಮೂವತ್ತನಾಲ್ಕನೇ ತಾರೀಖು, ಇಸವಿ ೨೨೧೯

ಕೃಪಾವತಿ ಅಜ್ಜಿಯವರಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ತಬಿಥಾ ಮಾಡುವ ವಂದನೆಗಳು.

ತಾರೀಖು ಓದಿ ಗಾಬರಿಯಾಗಬೇಡಿ. ನಮ್ಮಲ್ಲೀಗ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಮಿಕ್ಕ ಐದು ದಿನ ಊರಿಗೆ ಊರೇ ಕೆಲಸ ಬಿಟ್ಟು ಹರಟೆ ಹೊಡೆಯುತ್ತ ಕೂತಿರುತ್ತದೆ. ಭಾನುವಾರವನ್ನು ಮಾತ್ರ ಯಾರಿಂದಲೂ ಅಲುಗಾಡಿಸಲು ಆಗಲಿಲ್ಲ, ದೇವರ ದಯೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಇನ್ನೊಂದಕ್ಕೂ ಕ್ಷಮೆ ಬೇಡುತ್ತೇನೆ: ಈ ಪತ್ರ ಮುಟ್ಟುವಾಗ ನಿಮಗೆ ಮೂವತ್ತೊಂದು ವಯಸ್ಸು, ನನಗೆ ನಲವತ್ತಾರು. ನನಗಿಂತ ಚಿಕ್ಕವರನ್ನು ಅಜ್ಜಿ ಎಂದು ಕರೆಯಲು ನನಗೇ ನಗು ಬರುತ್ತಿದೆ. ಪತ್ರ ಹಿಂದಕ್ಕೆ ಹೇಗೆ ಬಂತು ಎಂದು ಕೇಳಬೇಡಿ, ನಮ್ಮ ಅಂಚೆಯವರಿಗೇ ಅದು ಸರಿಯಾಗಿ ತಿಳಿದಿಲ್ಲ.

ನಾನು ಗಾಳಿಗಂಬದ ಕೆಲಸದವಳು. ಕಪ್ಪತಗುಡ್ಡದ ನೆತ್ತಿಯ ಮೇಲೆ ತಿರುಗುವ ಕಂಬಗಳನ್ನು ಹತ್ತಿ, ಎಣ್ಣೆ ಹಾಕಿ, ಬೈದು, ಸರಿಮಾಡಿ ಇಳಿಯುತ್ತೇನೆ. ಗಂಡ ಸೀಲ ಮಾತು ಕಡಿಮೆಯ ಮನುಷ್ಯ, ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ. ನಮಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಕೆಚೀಯ, ಹದಿನಾಲ್ಕು ವರ್ಷ. ಕಿರಿಯವಳು ಲುದ್ಯ, ಒಂಬತ್ತು. ನಮ್ಮ ಮನೆಗಳಿಗೆಲ್ಲ ಒಂದೊಂದು ಕೇಳುಗೋಡೆ ಇರುತ್ತದೆ. ಏನು ಕೇಳಿದರೂ ಆ ಗೋಡೆ ಉತ್ತರ ಕೊಡುತ್ತದೆ, ಸತ್ಯವೇದದ ಯಾವ ವಚನವನ್ನಾದರೂ ಬೇಕಾದ ದನಿಯಲ್ಲಿ ಓದುತ್ತದೆ, ಒಮ್ಮೆಯೂ ತಪ್ಪುವುದಿಲ್ಲ. ಫಜೀತಿ ಆಗಿದ್ದೇ ಅಲ್ಲಿ. ತಪ್ಪದ ಗೋಡೆ ಸಿಕ್ಕ ಮೇಲೆ ಮಕ್ಕಳು ಪುಸ್ತಕ ತೆರೆಯುವುದನ್ನೇ ಬಿಟ್ಟರು, ತಾಯಿತಂದೆಗಳು ಬಾಯಿ ತೆರೆಯುವುದನ್ನು ಬಿಟ್ಟರು.

ಆಗ, ನಾನು ಹುಟ್ಟುವ ಮುಂಚೆಯೇ, ನಮ್ಮ ಸಭೆಯ ಹೆಂಗಸರು, ಅಕ್ಕಿ ಆರಿಸುತ್ತ ಕೂತಿದ್ದವರು, ಒಂದು ಉಪಾಯ ಹೂಡಿದರಂತೆ. ಭಾನುವಾರ ಆರಾಧನೆ ಮುಗಿಸಿ ಬಂದು ಊಟಕ್ಕೆ ಕೂತಾಗ, ಕೇಳುಗೋಡೆಗೆ ಕಂಬಳಿ ಹೊದಿಸಿ, ತಾಯಿಯೋ ತಂದೆಯೋ ಸತ್ಯವೇದದ ಒಂದು ಕತೆಯನ್ನು ಪುಸ್ತಕ ನೋಡದೆ ಹೇಳಬೇಕು. ಅದರಲ್ಲಿ ಬೇಕೆಂದೇ ಒಂದು ತಪ್ಪು ಸೇರಿಸಬೇಕು. ಆ ತಪ್ಪಿಗೆ ಕಲ್ಲು ಎಂದು ಹೆಸರು. ಮಕ್ಕಳು ಅದನ್ನು ಹಿಡಿದು, ಕಾಗದದ ಪುಸ್ತಕ ತೆರೆದು, ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು. ತೋರಿಸಿದರೆ ಪಾತ್ರೆ ತೊಳೆಯುವ ಕೆಲಸ ದೊಡ್ಡವರಿಗೆ. ಅಯ್ಯೋ, ಆ ಸಂಭ್ರಮ ನೀವು ನೋಡಬೇಕು! ಮಧ್ಯಾಹ್ನದ ಹೊತ್ತಿಗೆ ಓಣಿಯ ಮನೆಮನೆಯಿಂದ "ಕಲ್ಲು! ಕಲ್ಲು!" ಎಂದು ಮಕ್ಕಳ ಕೂಗು. ಮಗಳು ಪೌಲನ ಪತ್ರಗಳನ್ನು ತಿರುವುತ್ತ ಅಪ್ಪನ ಮಾನ ತೆಗೆಯಲು ಹವಣಿಸುವುದು ನಮ್ಮಲ್ಲಿ ಭಕ್ತಿಯ ಲಕ್ಷಣ.

ಇನ್ನು ನನ್ನ ತಪ್ಪಿನ ಮಾತು. ಐದು ತಿಂಗಳ ಹಿಂದೆ ನೆಂಟರು ಬಂದಿದ್ದ ಭಾನುವಾರ ನಾನು ನೋಹನ ಕತೆ ಹೇಳಿದೆ. ನೋಹನು ನಾವೆಯ ಕಿಟಕಿಯಿಂದ ಮೊದಲು ಪಾರಿವಾಳವನ್ನು ಬಿಟ್ಟನು ಎಂದೆ. ಕೆಚೀಯ ಕಲ್ಲು ಎಂದಳು. ನಾನು ಇಟ್ಟ ಕಲ್ಲು ಬೇರೆಯೇ ಇತ್ತು, ಅದನ್ನು ಯಾರೂ ಹಿಡಿಯಲಿಲ್ಲ ಎಂದು ನಾನು ಬೀಗುತ್ತಿದ್ದೆ. "ಅದು ಕಲ್ಲಲ್ಲ, ಸುಮ್ನ ಉಣ್ಣು" ಎಂದು ನೆಂಟರೆದುರು ಗದರಿದೆ. ಪುಸ್ತಕ ತರಲು ಎದ್ದವಳನ್ನು ಕೂರಿಸಿದೆ. ನೆಂಟರು ನಕ್ಕರು. ಮರುದಿನ ಹುಣಸೆಹಣ್ಣು ಬಿಡಿಸುತ್ತಿದ್ದವಳು ಎದ್ದು ಹೋಗಿ ಪುಸ್ತಕ ತೆರೆದು ನೋಡಿದೆ. ಮೊದಲು ಹೋದದ್ದು ಕಾಗೆ. ಪುಸ್ತಕ ಮುಚ್ಚಿಟ್ಟು ತೆಪ್ಪಗಾದೆ. ಹೇಳಬೇಕಿತ್ತು, ಹೇಳಲಿಲ್ಲ. ತಾಯಿಯಾದವಳಿಗೆ ಅಷ್ಟು ಜಂಬ ಇರಬಾರದು ಅಜ್ಜಿ, ನನಗೆ ಇತ್ತು.

ಅಂದಿನಿಂದ ಕೆಚೀಯ ಭಾನುವಾರ ತಟ್ಟೆ ತೆಗೆದುಕೊಂಡು ಹೋಗಿ ಹೊರಗೆ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕೂತು ಉಣ್ಣತೊಡಗಿದಳು. ಕರೆದರೆ, "ಗ್ವಾಡಿಗೆ ಎಲ್ಲಾ ಗೊತ್ತೈತಿ, ನೀ ಯಾಕ ಹೇಳಬೇಕು?" ಎನ್ನುತ್ತಿದ್ದಳು. ಇನ್ನೆರಡು ವರ್ಷಕ್ಕೆ ಅವಳು ಓದಲು ಪರ ಊರಿಗೆ ಹೋಗುವವಳು. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುವ ಭಾನುವಾರಗಳು ನನಗೆ ಎಲ್ಲಿಂದ ಬರಬೇಕು? ನನ್ನ ಮೇಲಿನ ಸಿಟ್ಟಿಗೆ ಮಗಳು ಆ ಪುಸ್ತಕವನ್ನೇ ದೂರ ಮಾಡಿಬಿಟ್ಟರೆ ಎಂದು ಕಂಬದ ತುದಿಯಲ್ಲಿ ಕೂತು ಅತ್ತಿದ್ದೇನೆ. ಸೀಲ ಮಾತ್ರ ಅವಳ ತಟ್ಟೆಗೆ ಬಿಸಿ ರೊಟ್ಟಿ ಹಾಕಿ ಬರುತ್ತಿದ್ದ.

ಕಳೆದ ತಿಂಗಳ ಒಂದು ಭಾನುವಾರ ತಪ್ಪಿಹೋದ ಮಗನ ಸಾಮ್ಯ ಹೇಳಿದೆ. ಕಿರಿಮಗ ಕುರಿ ಮೇಯಿಸಿದನು ಎಂದು ಕಲ್ಲಿಟ್ಟೆ. ಲುದ್ಯ ಅದನ್ನು ಕೂಡಲೇ ಹೆಕ್ಕಿ, ಹಂದಿ ಎಂದು ತೋರಿಸಿದಳು. ಕತೆ ಮುಂದುವರಿಸಿದೆ. ಆಸ್ತಿ ಹಾಳುಮಾಡಿ ಮರಳಿದ ತಮ್ಮನಿಗೆ ಔತಣವೇ ಎಂದು ಹಿರಿಮಗ ಸಿಟ್ಟಾಗಿ ಹೊರಗೇ ನಿಂತನು, ತಂದೆ ಹೋಗಿ ಬೇಡಿಕೊಂಡನು, ಕಡೆಗೆ ಹಿರಿಮಗ ಒಳಗೆ ಬಂದು ತಮ್ಮನ ಪಕ್ಕದಲ್ಲಿ ಕೂತು ಊಟ ಮಾಡಿದನು ಎಂದು ಮುಗಿಸಿದೆ.

"ಕಲ್ಲು!" ಎಂದಳು ಲುದ್ಯ.

"ಒಂದ ಕತಿಗೆ ಒಂದ ಕಲ್ಲು. ಆಗ್ಲೇ ಹಿಡದಿಯಲ್ಲ?"

"ಇಲ್ಲ ಯವ್ವಾ, ಎರಡ ಅದಾವ! ಅಂವ ಒಳಗ ಬರಂಗಿಲ್ಲ!"

ಅದು ಕಲ್ಲಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಬಾಗಿಲಾಚೆ ಕಣ್ಣು ಹೋಯಿತು. ಕೆಚೀಯಳ ರೊಟ್ಟಿ ಮುರಿಯುವ ಕೈ ನಿಂತಿತ್ತು. ಬೆನ್ನು ನೆಟ್ಟಗಾಗಿತ್ತು. ನಾನು ಏನು ಹೇಳುತ್ತೇನೆಂದು ಅವಳು ಕಿವಿಗೊಟ್ಟು ಕೂತಿದ್ದಳು. ಮಾತು ನುಂಗಿಕೊಂಡು, "ಪುಸ್ತಕ ತಗೊಂಡ ಬಾ" ಎಂದೆ.

ಲುದ್ಯ ಬೆರಳಿಟ್ಟು ಓದಿದಳು. ಹೌದು, ತಂದೆ ಹೊರಗೆ ನಿಂತು ಮಾತಾಡುತ್ತಾನೆ, ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಹಿರಿಮಗ ಬಂದನೋ ಬಿಟ್ಟನೋ, ಒಂದು ಮಾತೂ ಇಲ್ಲ. ಈ ಕತೆ ನನಗೆ ಹೇಳಿದ್ದು ನನ್ನ ಅಪ್ಪ. ಆ ದಿನ ನನಗೆ ಜ್ವರ, ಕತೆ ಮುಗಿಯುತ್ತಲೇ ನಿದ್ದೆ ಹೋಗಿದ್ದೆ. ಅಪ್ಪ ಇಟ್ಟ ಕಲ್ಲನ್ನು ಯಾರೂ ಆರಿಸಲಿಲ್ಲ. ನಲವತ್ತು ವರ್ಷ ಅದನ್ನೇ ಅನ್ನ ಎಂದು ಉಂಡಿದ್ದೇನೆ! "ಎಂಥಾ ಕಲ್ಲ ಇಟ್ಟ ಹೋದೆಪ್ಪಾ!" ಎಂದು ಗಟ್ಟಿಯಾಗಿ ನಕ್ಕುಬಿಟ್ಟೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು.

ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋಗಿ ಹಿರಿಯವಳ ಪಕ್ಕ ಕಟ್ಟೆಯ ಮೇಲೆ ಕೂತೆ. "ಕೆಚ್ಚಿ, ಮೊದಲ ಹೋಗಿದ್ದು ಕಾಗಿ. ನೀ ಹೇಳಿದ್ದ ಖರೇ. ನಾನು ಮರುದಿನಾನ ನೋಡಿದ್ದೆ, ನಿನಗ ಹೇಳಲಿಲ್ಲ. ತಪ್ಪಾತು" ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. "ನೀ ನೋಡಿದ್ದು ನನಗ ಗೊತ್ತೈತಿ. ಆ ಹಾಳಿ ಮ್ಯಾಲ ಹುಣಸಿಹಣ್ಣಿನ ಕಲಿ ಐತಿ, ಕಾಗಿ ಮ್ಯಾಲನ ಬೆರಳ ಇಟ್ಟೀ. ನಾಕ ತಿಂಗಳಾತು, ಯಾವಾಗ ಹೇಳ್ತಿ ಅಂತ ಕಾಯಾಕತ್ತೀನಿ" ಎಂದಳು. ಆಮೇಲೆ ತಡೆಯಲಾರದೆ ಕಿಸಕ್ಕನೆ ನಕ್ಕಳು. ನಾನು ಅವಳನ್ನು ಅಪ್ಪಿಕೊಂಡು, ಎಂಜಲು ಕೈಯನ್ನು ಅವಳ ಅಂಗಿಗೆಲ್ಲ ಮೆತ್ತಿ, ಅದಕ್ಕೊಮ್ಮೆ ಬೈಸಿಕೊಂಡೆ.

ಪುಸ್ತಕದ ಹಿರಿಮಗನ ಸುದ್ದಿ ನಮಗೆ ತಿಳಿಯದು. ನಮ್ಮ ಹಿರಿಮಗಳು ಎದ್ದು ಒಳಗೆ ಬಂದಳು, ತಂಗಿಯನ್ನು ಅತ್ತ ಸರಿಸಿ ತನ್ನ ಜಾಗದಲ್ಲಿ ಕೂತಳು, ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಸೀಲ ಆ ದಿನ ತಾನಾಗಿಯೇ ಹಾಡಿದ. ಈಗ ಕತೆ ಹೇಳುವ ಪಾಳಿಯಲ್ಲಿ ಅವಳೂ ಇದ್ದಾಳೆ. ಎಂಥ ಸಣ್ಣ ಕಲ್ಲುಗಳನ್ನು ಇಡುತ್ತಾಳೆ ಎಂದರೆ, ಎರಡು ವಾರದಿಂದ ಸೋತು ಕೂತಿದ್ದೇನೆ.

ಅಜ್ಜಿ, ನಿಮ್ಮ ಮಕ್ಕಳು ಇನ್ನೂ ಚಿಕ್ಕವರು. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ಎಲ್ಲ ತಿಳಿದ ಮೇಲೆ ಕಲಿಸೋಣ ಎಂದು ಕಾಯಬೇಡಿ, ತಿಳಿದಷ್ಟನ್ನು ಬಾಯಿತುಂಬ ಹೇಳಿ. ತಪ್ಪಿದರೆ ಪುಸ್ತಕವನ್ನು ಅವರ ಕೈಗೇ ಕೊಡಿ, ನೀ ಹೇಳಿದ್ದೇ ಸರಿ ಮಗಾ ಎಂದು ಅದೇ ಊಟದಲ್ಲಿ, ಅದೇ ತುತ್ತಿನ ಜೊತೆ ಹೇಳಿಬಿಡಿ. ನಾನು ಇಪ್ಪತ್ತು ಭಾನುವಾರ ತಡಮಾಡಿದೆ. ಆ ಇಪ್ಪತ್ತು ಕತೆಗಳನ್ನೂ ನನ್ನ ಮಗಳು ಒಂದನ್ನೂ ಬಿಡದೆ ಕೇಳಿದ್ದಳು, ನನಗೆ ಬೆನ್ನು ಮಾಡಿ ಕೂತು.

ನಿಮ್ಮ
ತಬಿಥಾ